ಕರಿ ಮೊದಲೋ, ಬೆಳ್ಳಿ ಮೊದಲೋ

ಚೌಬಾರದ ಹಿಂದಿನ ಓಣ್ಯಾಗ
ಲಾಡ್ಲೆಸಾಬನ ಬಿಳೇ ಕುದುರಿ ನಸುಕಿನ್ಯಾಗ ಈದಿತ್ತು.
ಮರಿ ಕರಿ.
ಒರೆಸಿದ ಮ್ಯಾಲೂ ಕರಿ, ಬಿಸಲಿಗೆ ನಿಲ್ಲಿಸಿದ್ರೂ ಕರಿ.

"ಹುಮನಾಬಾದಕ್ಕ ಹೋಗಿ ಎರಡು ಸಾವಿರ ಕೊಟ್ಟು ಬಂದೀನಿ,
ಆ ಗಂಡೂ ಹಾಲಿನಂಥಾದು. ಮತ್ತ ಇದು ಯಾರದು?"
ಅಂತ ಕುದುರಿ ಕಡಿ ಹಿಂಗ ನೋಡಿದ.
ಅದು ಮರೀ ಬೆನ್ನು ನೆಕ್ಕಲತ್ತಿತ್ತು.
ಬಾರಾತಿನ್ಯಾಗ ಕರೀ ಕುದುರಿ ಯಾವ ಮದುಮಗ ಏರ್ತಾನ?

ನಂದಿನಗರದ ಕಾಲೇಜಿಂದ ಡಾಕ್ಟರಮ್ಮ ಬಂದಳು,
ಗಮ್‌ಬೂಟಿಗೆ ಲದ್ದಿ ಮೆತ್ತಿಕೊಂಡು.
ನಾನು ಉಳಿ ಬಿಟ್ಟು ಗ್ವಾಡಿ ಮ್ಯಾಲಿಂದ ಬಗ್ಗಿದೆ.
"ಚಾಚಾ, ಕಣ್ಣಿನ ಸುತ್ತ ನೋಡ್ರಿ, ನಾಕು ಬಿಳೀ ಕೂದಲು.
ಇದು ಬಿಳೇ ಆಗೂದೇ. ಏಳೆಂಟು ವರ್ಷ ಬೇಕು.
ಇದರವ್ವನೂ ಕರೀನೇ ಹುಟ್ಟಿರಬೇಕು,
ನೀವು ದೊಡ್ಡದಾದ ಮ್ಯಾಲ ತಂದೀರಿ.
ಮೂತಿ ನೋಡ್ರಿ, ಬಾಲದ ಬುಡ ನೋಡ್ರಿ,
ಚರ್ಮ ಇನ್ನೂ ಕರಿ. ಬಿಳಿ ಬರೇ ಕೂದಲಿಂದು."

ನಂಗ ನಗಿ ಬಂತು.
ನಲವತ್ತು ವರ್ಷ ನಾ ಉಲ್ಟಾ ಮಾಡಿಕೋತ ಬಂದೀನಿ:
ಬೆಳ್ಳಿ ತಂತಿ ಮೊದಲು ಕೂಡಸ್ತೀನಿ, ಬಡೀತೀನಿ, ತಿಕ್ತೀನಿ,
ಆಗ ಹೂವೂ ಬಿಳುಪು, ಹೂದಾನೀನೂ ಬಿಳುಪು, ಏನೂ ಕಾಣಂಗಿಲ್ಲ.
ಕಡೀಗೆ ಕ್ವಾಟಿ ಮಣ್ಣು, ನವಸಾಗರ, ಕುದಿಯೂ ನೀರು.
ಕರಿ ಬರ್ತದ. ಬೆಳ್ಳಿಗೆ ಮಾತ್ರ ಹತ್ತಂಗಿಲ್ಲ.
ಈ ಕುದುರೀ ಕಾರಖಾನಿಯವ ಯಾವನೋ
ಕರಿ ಮೊದಲು ಹಚ್ಚಿ
ಬೆಳ್ಳೀನ ಸಾವಕಾಶ ಬಿಡಿಸ್ತಾನ.

ಚಾ ಕುಡಕೋತ ಆಕಿ ಇನ್ನೊಂದು ಹೇಳಿದಳು.
ಎರಡು ಕರೀ ಕುದುರಿಗೆ ಕೆಂಪು ಮರಿ ಹುಟ್ಟಬಹುದಂತ.
ತಂದಿ ಕಡಿಂದ ಒಂದು ಕೆಂಪು, ತಾಯಿ ಕಡಿಂದ ಒಂದು,
ಇಬ್ಬರಾಗೂ ಕರೀ ಕೆಳಗ ಅಡಗಿ ಕುಂತಿದ್ದು.
"ನಾಕರಾಗ ಒಂದು ಹಂಗ ಬರ್ತದ. ಯಾರ ತಪ್ಪೂ ಅಲ್ಲ."

ನನ್ನವು ಬೆಕ್ಕಿನ ಕಣ್ಣು.
ಅಬ್ಬಾನವು ಕರಿ, ಅಮ್ಮಾನವು ಕರಿ.
ಅಬ್ಬಾ ನನ್ನ ಮುಟ್ಟಿ ಕಲಿಸಿದ್ದು ಉಳಿ ಹಿಡಿಯೂದೊಂದೇ,
ಅದೂ ಹಿಂದ ನಿಂತು, ಮಾರಿ ನೋಡಲಾರದಂಗ.
ಜ್ವಾಳ ಹಸನ ಮಾಡಿಕೋತ ಅಮ್ಮಾ ಒಂದ ಸಲ ಅಂದಿದ್ದಳು,
"ನಮ್ಮ ನಾನಿಗೂ ಹಿಂಗೇ ಇದ್ದವಂತ."
ಅಷ್ಟೇ. ಯಾರೂ ಮುಂದ ಕೇಳಲಿಲ್ಲ.
ಆಕಿನೂ ಮತ್ತ ಹೇಳಲಿಲ್ಲ, ಮಣ್ಣಿಗೆ ಹೋಗೂತನಕ.

"ಕಣ್ಣಿನ ಬಣ್ಣಕ್ಕೂ ಹಂಗೇನವ್ವಾ?" ಕೇಳಿದೆ.
ಡಾಕ್ಟರಮ್ಮ ಕಪ್ಪು ಕೆಳಗಿಟ್ಟು ನನ್ನ ಮಾರಿ ನೋಡಿದಳು.
"ಕುದುರಿ ಕೂದಲಿನಷ್ಟು ಸರಳ ಇಲ್ಲ. ಆದ್ರ ಹೌದು,
ಹಂಗೂ ಬರ್ತದ."

ಲಾಡ್ಲೆಸಾಬ ಮರಿ ಮಾರಂಗಿಲ್ಲ ಅಂದ.
ಎಂಟು ವರ್ಷ ಯಾರು ಕಾಯ್ತಾರ ಅಂತ ಮತ್ತ ಅಂದ.
ನಾನು ಬಂದು ಆರಿದ ಒಲಿ ಹಚ್ಚಿದೆ.
ಮಣ್ಣಿನ ಡಬ್ಬಿ ತೆಗೆದು, ದಿನದಂಗ
ಒಂದು ಚಿಟಿಕಿ ನಾಲಗಿ ಮ್ಯಾಲಿಟ್ಟುಕೊಂಡೆ.
ಕರಿ ಕೊಡೂ ಮಣ್ಣೋ ಅಲ್ಲೋ,
ಇವತ್ತ ತಿಳೀಲಿಲ್ಲ.