ಮೂರನೆಯ ಬ್ರೇಕು

ನನ್ನ ಕಾರಿನಲ್ಲಿ ಬ್ರೇಕು ಎರಡು.
ಒಂದು ಕಲಿಯುವವರ ಕಾಲಡಿ, ಇನ್ನೊಂದು ನನ್ನದು,
ಎಡಗಡೆ ಸೀಟಿನ ಮುಂದೆ, ರಬ್ಬರು ಸವೆದದ್ದು.
ಫೆಬ್ರವರಿಯಿಂದ ಮೂರನೆಯದೂ ಒಂದಿದೆ:
ಬೈಸೊಪ್ರೊಲಾಲ್, ಎರಡೂವರೆ ಮಿಲಿಗ್ರಾಂ,
ಯಾರ ಕುಚೋದ್ಯವೋ, ಹೃದಯದ ಆಕಾರ.

ಶೆಫೀಲ್ಡು ಏಳು ಗುಡ್ಡದ ಊರು ಅಂತಾರೆ;
ಎಣಿಸಿದವನು ಇಲ್ಲಿ ಕ್ಲಚ್ಚು ಒತ್ತಿದವನಲ್ಲ.
ಇಪ್ಪತ್ತೆರಡು ವರ್ಷ ಈ ದಿಣ್ಣೆಗಳಲ್ಲಿ
ಜನ ನನ್ನ ಪಕ್ಕ ಕೂತು ಹಿಂದಕ್ಕೆ ಜಾರಿದ್ದಾರೆ,
ಪರವಾಗಿಲ್ಲ, ಪರವಾಗಿಲ್ಲ ಅಂದಿದ್ದೇನೆ,
ಒಳಗೆ ಒನಕೆ ಬೀಳುತ್ತಿತ್ತು.
ಆ ಪರವಾಗಿಲ್ಲಗಳೆಲ್ಲ ಎಲ್ಲಿ ಹೋಗಿ ಕೂತವು ಅಂತ
ನರ್ಸು ತೋಳಿಗೆ ಪಟ್ಟಿ ಸುತ್ತಿದಾಗ ಗೊತ್ತಾಯಿತು:
ನೂರ ಎಪ್ಪತ್ತೆಂಟು, ಕೆಳಗೆ ನೂರ ನಾಲ್ಕು.
ಮೊದಲ ಮಾತ್ರೆಗೆ ಕೆಮ್ಮು, ಎರಡನೆಯದಕ್ಕೆ ಕಾಲು ಬಾತು,
ಆಮೇಲೆ ಇದು.

ಈಗ ಒನಕೆಗೆ ಯಾರೋ ಹಳೇ ಸೀರೆ ಸುತ್ತಿದ ಹಾಗಿದೆ.
ನಾಡಿ ಐವತ್ತೆರಡು.
ಜೂನಿನಲ್ಲೂ ಕೈಗವಸು.
ಕನಸು ಮಾತ್ರ ಬಣ್ಣ ಬಳಿದುಕೊಂಡು ಬರುತ್ತದೆ:
ನಿನ್ನೆ ನಮ್ಮ ಹೈಸ್ಕೂಲಿನ ಡ್ರಿಲ್ ಮಾಸ್ತರು
ಇಲ್ಲಿಯ ಟ್ರಾಮಿನ ಮೇಲೆ ನಿಂತು ಸೀಟಿ ಊದುತ್ತಿದ್ದರು.

ಹೋದ ತಿಂಗಳು ಇಫ್ರಾ ಜೆಂಕಿನ್ ರಸ್ತೆ ಇಳಿಸುತ್ತಿದ್ದಳು.
ನಿಂತ ವ್ಯಾನಿನ ಹಿಂದಿನಿಂದ
ಕಾಲುಸ್ಕೂಟರು ಸಮೇತ ಒಬ್ಬ ಹುಡುಗ.
ನನ್ನ ಕಾಲು ನನ್ನನ್ನು ಕೇಳದೆ ಒತ್ತಿತು.
ಒಂದು ಮೊಳ. ಅಷ್ಟೇ ಉಳಿದಿತ್ತು.
ಹುಡುಗ ನಮ್ಮನ್ನೇ ಬೈದು ಹೋದ.

ಎದೆ ಝಲ್ಲೆನ್ನಬೇಕಿತ್ತು, ಜೀವ ಬಾಯಿಗೆ ಬರಬೇಕಿತ್ತು.
ಮಾತುಗಳು ಬಂದವು, ಸಾಲಾಗಿ, ಬಾಗಿಲು ತಟ್ಟಿದವು,
ಒಳಗೆ ಯಾರೂ ಏಳಲಿಲ್ಲ.
ಇಫ್ರಾ ಸ್ಟಿಯರಿಂಗಿಗೆ ಹಣೆ ಹಚ್ಚಿ ನಡುಗುತ್ತಿದ್ದಳು.
"ನಿಮಗೆ ಭಯಾನೇ ಆಗಲ್ವಾ?"
ಆಯಿತಮ್ಮಾ. ಎದೆಯಲ್ಲಿ ಆಗಲಿಲ್ಲ, ಅಷ್ಟೆ.
ಎಲ್ಲಿ ಆಯಿತು ಅಂತ ಇನ್ನೂ ಹುಡುಕುತ್ತಿದ್ದೇನೆ.
ಹಾಗೆ ಹೇಳಲಿಲ್ಲ. "ಫಸ್ಟ್ ಗೇರು" ಅಂದೆ.

ಡಬ್ಬಿಯೊಳಗಿನ ಚೀಟಿ ಹೇಳುತ್ತದೆ: ಇದ್ದಕ್ಕಿದ್ದಂತೆ ನಿಲ್ಲಿಸಬಾರದು.
ನಾನು ಕಲಿಸುವುದೂ ಅದನ್ನೇ, ತುರ್ತಿನ ಪಾಠದ ದಿನ ಬಿಟ್ಟು.
ಆದರೂ ಈಸ್ಟರಿನಲ್ಲಿ ಯಾರಿಗೂ ಹೇಳದೆ ಮೂರು ದಿನ ಬಿಟ್ಟೆ;
ಮೂರನೇ ರಾತ್ರಿ ಎದೆ, ಹಗ್ಗ ಕಿತ್ತ ಕುದುರೆ.
ಸುಗುಣಾ ಫೋನು ಹಿಡಿದು ಬೆಳಗಿನತನಕ ಕೂತಿದ್ದಳು,
ಬೈಯಲಿಲ್ಲ. ಅದೇ ಸಾಕಾಯಿತು.

ಇವತ್ತು ಇಫ್ರಾ ಪಾಸಾದಳು, ನಾಲ್ಕೇ ತಪ್ಪು.
ಫುಟ್‌ಪಾತಿನಲ್ಲೇ ಕುಣಿದಳು, ನನ್ನ ಕೈ ಹಿಡಿದು ಕುಲುಕಿ
"ಅಯ್ಯೋ, ಎಷ್ಟು ತಣ್ಣಗಿದೆ!" ಅಂದಳು.
ಸಂತೋಷವೂ ಐವತ್ತೆರಡರಲ್ಲೇ ಬಂತು,
ಹಿಂದೆ ಎಷ್ಟು ಜನ ಹಾರ್ನು ಹೊಡೆದರೂ
ಚೀಲ ತೂಗುತ್ತ ಝೀಬ್ರಾ ದಾಟುವ ಮುದುಕಿಯ ಹಾಗೆ.
ಕಾದೆ.
ದಾಟಲಿ.