ಇವತ್ತ ಹಂಸ ಬಿಡಂಗಿಲ್ಲ

ಇವತ್ತ ಹಂಸದ ದೋಣಿ ನೀರಿಗೆ ಬಿಡಂಗಿಲ್ಲ, ತಾಯಿ.
ಅಕ್ಕಲಕೋಟದಿಂದ ಬಂದೀರಿ, ಗೊತ್ತದ.
ಕೂಸು ಅದರ ಕುತ್ತಿಗಿ ತಬ್ಬಿ ಅಳಲಿಕತ್ತದ, ಅದೂ ಕಾಣತದ.
ತಿಕೀಟಿನ ರೊಕ್ಕ ಹಿಡೀರಿ.

ಚಾದರ ಕಾರಖಾನಿಯವರು ಬಣ್ಣ ಬಿಟ್ಟಾರಂತ
ಸೊಲ್ಲಾಪುರದಾಗ ಮಂದಿ ಅಂತಾರ.
ಇಪ್ಪತ್ತೆರಡು ವರ್ಷ ಬಣ್ಣದ ಹಂಡೇದಾಗ ಕೈ ಅದ್ದಿದಾಂವ ನಾ,
ಉಗುರು ಈಗೂ ನೀಲಿ.
ಇದು ನಮ್ಮ ಹಸರಲ್ಲ.
ನಮ್ಮ ಹಸರು ನೂಲಿಗೆ ಹತ್ತಿದ್ರ ಸುಮ್ಮನಿರತದ.
ಇದಕ್ಕ ಜೀವ ಅದ.
ಮುಂಜಾನೆ ಚಹಾದ ಗ್ಲಾಸಿನ್ಯಾಗ ತುಂಬಿಟ್ಟೆ,
ತಾಸಿನ್ಯಾಗ ಕೆನಿಹಂಗ ಮ್ಯಾಲ ಬಂತು.
ಪಾಚಿಯಾಗಿದ್ರ ಕೋಲಿಗೆ ಜೋತು ಬೀಳತಿತ್ತು,
ಇದು ಸಿಗಂಗಿಲ್ಲ.
ಗಾಳಿ ಯಾ ಕಡಿ ದೂಡತದೋ ಆ ಕಡಿ ಮೆಟ್ಟಲಿಗೆ ಹೋಗಿ ಕೂಡತದ,
ಕೂಸುಗೋಳು ಕಾಲು ಇಳಿಬಿಡೋ ಜಾಗಕ್ಕ.

ಕುದಿಸಿದ್ರ?
ಕುದಿಸಿದ್ರೂ ಇಷ ಹೋಗಂಗಿಲ್ಲ.
ಮೀನ? ಬ್ಯಾಡ್ರಿ.

ಬೋರ್ಡ ಮರಾಠಿಯೊಳಗ ಅದ.
ನಿಮ್ಮತ್ತಿಗೆ ನಾ ಕನ್ನಡದಾಗ ಓದಿ ಹೇಳಿದೆ.
ತೆಲುಗು ಮಂದಿ ಬಂದ್ರ ಭೇಳ ಮಾರೋ ಪೋಚಮ್ಮ ಹೇಳತಿದ್ಳು.
ಅವಳ ನಾಯಿ ಮೊನ್ನಿ
ಬೋರ್ಡಿನ ಬುಡ ಮೂಸಿ ಮುಂದ ಹೋತು,
ಈಜಿ ಬಂತು, ಬಿಸಲಿಗೆ ಕುಂತು ಮೈಯೆಲ್ಲಾ ನೆಕ್ಕೊಂಡ್ತು.
ಸಂಜೀಗೆ ಕಾಲು ಸೆಟೆದವು.
ಭೇಳಿನ ಗಾಡಿ ಎರಡು ದಿನದಿಂದ ಬಂದಿಲ್ಲ.

ಕೂಸಿನ ಕೈ ತೊಯ್ದಾವೇನ್ರಿ?
ಅಲ್ಲಿ ನಳ ಅದ, ಬರ್ರಿ ಬರ್ರಿ,
ಬಾಯಾಗ ಬಟ್ಟು ಇಡೂದ್ರಾಗ ತೊಳಿಯೋಣ.
ಆಮ್ಯಾಲ ಹಂಸದಾಗ ಕುಂಡ್ರಸ್ತೀನಿ,
ಇಲ್ಲೇ, ದಂಡಿಮ್ಯಾಲ, ಮಣ್ಣಾಗ.
ತುಳೀಲಿ ಪೆಡಲ್ ಎಷ್ಟರೆ,
ನಾ ಹಿಂದಿಂದ ಜರಾ ಅಲ್ಲಾಡಸ್ತೀನಿ.