ಒಳ್ಳೆಯ ಅಕ್ಷರ

ನನ್ನ ಅಕ್ಷರ ಚೆನ್ನ. ಅದೇ ತಪ್ಪಾಯಿತು.
ಮೂವತ್ತೊಂದು ವರ್ಷ ಮಸ್ಟರ್ ಬರೆದು ಬರೆದು
ಕಾಫಿ ಹಣ್ಣಿನ ಹಾಗೆ ಗುಂಡಗಾದ ಅಕ್ಷರ.
ಸಿದ್ದಾಪುರದ ಈಚೆ, ಆನೆಕಂದಕ ದಾಟಿದರೆ ಸಿಗುವ
ನಮ್ಮ ಪುಟ್ಟ ಚರ್ಚಿನ ಯಾವ ಅರ್ಜಿಗೂ
ರೈಟರ್ ಲಾಜರಸನ ಕೈಯೇ ಬೇಕು.

ಆ ಭಾನುವಾರ ಫಾದರ್ ತಾವ್ರೊ ಹೇಳಿದ್ದಿಷ್ಟು:
ಓಟು ಕೇಳಲು ಬಂದವನನ್ನು ಲೈನ್‌ಮನೆಯೊಳಕ್ಕೆ ಕರೆಯಿರಿ,
ಹಕ್ಕುಪತ್ರ ಎಲ್ಲಿ ಎಂದು ಕೇಳಿ.
ಹೋದ ಸಲ ಬಂದವನೇ ಆದರೆ
(ಇಲ್ಲಿ ಕನ್ನಡಕ ತೆಗೆದು ಒರೆಸಿಕೊಂಡರು)
'ಹೋಗಿ ಆ ನರಿಗೆ ಹೇಳಿ.'
ಹಿಂದಿನ ಬೆಂಚಿನ ಸವರಿಯಮ್ಮ ನಕ್ಕಳು.
ಮುಂದಿನ ಬೆಂಚಿನಲ್ಲಿ ಯಾರದೋ ಮೊಬೈಲು
ಎದ್ದು ನಿಂತಿತು.

ನರಿ ಎಂಬ ಮಾತು ಶುಭಸಂದೇಶದಲ್ಲೇ ಇದೆ, ಲೂಕನದರಲ್ಲಿ.
ನನಗೆ ಗೊತ್ತಿತ್ತು.
ಬರೆಯುವಾಗ ಅದೊಂದನ್ನು ಬರೆಯಲಿಲ್ಲ.
'ಪೂಜ್ಯ ಧರ್ಮಾಧ್ಯಕ್ಷರ ಪಾದಗಳಿಗೆ'
ಎಂದು ಸಾವುಕಾರರು ಹೇಳುತ್ತ ಹೋದರು,
ನಾನು ಗುಂಡಗೆ ಬರೆಯುತ್ತ ಹೋದೆ.

ಉತ್ತರ ಬಂದದ್ದು ಹೂಮಳೆಗೆ ಮುಂಚೆ:
ಬಲಿಪೂಜೆ ಅರ್ಪಿಸಬಹುದು,
ಆರು ತಿಂಗಳು ಪ್ರಬೋಧನೆ ಇಲ್ಲ.

ಈಗ ಶುಭಸಂದೇಶ ಓದಿ ಮುಗಿಸಿ
ಪಕ್ಕದ ಕುರ್ಚಿಯಲ್ಲಿ ಕೂತುಬಿಡುತ್ತಾರೆ,
ಎಂದಿನ ಹತ್ತು ನಿಮಿಷ, ಮಡಿಲಲ್ಲಿ ಕೈಯಿಟ್ಟು.
ನಾವೂ ಕೂರುತ್ತೇವೆ,
ತಪಸ್ಸುಕಾಲದ ನೇರಳೆ ಬಟ್ಟೆ ಹೊದ್ದ ಸಂತರ ಜೊತೆ.
ಒಂದು ಮಗು ಕೆಮ್ಮುತ್ತದೆ. ಹೊರಗೆ ಸ್ಪ್ರಿಂಕ್ಲರು
ಟಿಕ್ ಟಿಕ್ ಎಂದು ಸಾವುಕಾರರ ತೋಟ ನೆನೆಸುತ್ತದೆ.
ಅವರು ಮಾತಾಡುತ್ತಿದ್ದಾಗ ಎಷ್ಟೋ ಸಲ ನಿದ್ದೆ ಹೋಗಿದ್ದೇನೆ;
ಈ ಹತ್ತು ನಿಮಿಷ ಒಬ್ಬರೂ ತೂಕಡಿಸುವುದಿಲ್ಲ.

ಬಾಯಿಗೆ ಬೀಗ ಹಾಕಿದವರು ಕಿವಿಯನ್ನು ಬಿಟ್ಟಿದ್ದರು.
ಪವಿತ್ರ ವಾರದ ಬುಧವಾರ
ಪಾಪನಿವೇದನೆಯ ಜಾಲರಿಗೆ ಮುಖವಿಟ್ಟು
'ಕಾಗದ ಬರೆದದ್ದು ನಾನು' ಎಂದೆ.
ಬಹಳ ಹೊತ್ತು ಏನೂ ಇಲ್ಲ.
ಆಮೇಲೆ, 'ಗೊತ್ತು. ನನ್ನ ಮುಂದಿಟ್ಟಿದ್ದರು.
ಒಂದೂ ಕಾಗುಣಿತದ ತಪ್ಪಿರಲಿಲ್ಲ.'

ಮೂರು ನಮೋ ಮರಿಯಾ ಹೇಳು ಎಂದರು.
'ಅಷ್ಟೇನಾ ಫಾದರ್? ಸಾಲದು' ಎಂದೆ.
'ಇನ್ನು ಹೇಳಿದರೆ ಪ್ರಬೋಧನೆಯಾದೀತು ಲಾಜರಸ್.'
ಜಾಲರಿಯಾಚೆ ನಕ್ಕರೋ, ಮೂಗು ಒರೆಸಿಕೊಂಡರೋ.

ಮೆಟ್ಟಿಲ ಮೇಲೆ ಸವರಿಯಮ್ಮ ಕಾದಿದ್ದಳು,
ಜಪಸರದ ಡಬ್ಬಿಯಲ್ಲಿ ಮಡಚಿಟ್ಟ ಬಿಳಿ ಹಾಳೆ.
'ಹಕ್ಕುಪತ್ರಕ್ಕೆ, ರೈಟರೇ, ಒಂದು ಅರ್ಜಿ.'
ಗೇಟಿನ ಹತ್ತಿರ ಸಾವುಕಾರರ ಜೀಪು.
ನಾಳೆ ಬಾ ಎಂದೆ.
ಪೆನ್ನು ಜೇಬಿನಲ್ಲೇ ಇತ್ತು.